ಗೆರೆ ದಾಟಿದ ಚೆಂಡು

2024ರ ಜೂನ್ 11ರ ರಾತ್ರಿ, ದೋಹಾದ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಕತಾರ್ ಮತ್ತು ಭಾರತ ತಂಡಗಳ ನಡುವಣ ವಿಶ್ವಕಪ್ ಅರ್ಹತಾ ಪಂದ್ಯದ 73ನೆಯ ನಿಮಿಷ. ಮೂವತ್ತೇಳನೆಯ ನಿಮಿಷದಲ್ಲಿ ಲಾಲಿಯನ್‌ಜುವಾಲಾ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತವು 1–0 ಮುಂದಿತ್ತು. ಕತಾರ್‌ಗೆ ದೊರೆತ ಫ್ರೀ ಕಿಕ್ಕಿನಿಂದ ತೇಲಿಬಂದ ಚೆಂಡಿಗೆ ಯೂಸುಫ್ ಐಮನ್ ತಲೆಯೊಡ್ಡಿದರು. ಗೋಲಿ ಗುರ್‌ಪ್ರೀತ್ ಸಿಂಗ್ ಸಂಧು ಅದನ್ನು ತಡೆದು ನೆಲಕ್ಕುರುಳಿದರು. ಚೆಂಡು ಅವರಿಂದ ಜಾರಿ ಗೋಲುಗಂಬದ ಪಕ್ಕದಿಂದ ಗೆರೆಯಾಚೆಗೆ ಹೊರಳಿತು. ಭಾರತದ ಆಟಗಾರರು ಕಾರ್ನರ್ ಕಿಕ್ಕಿಗೆಂದು ನಿಂತರು. ಅಷ್ಟರಲ್ಲಿ ಕತಾರಿನ ಹಾಶ್ಮಿ ಹುಸೇನ್ ಗೆರೆಯಾಚೆಯ ಚೆಂಡನ್ನು ಕಾಲಿನಿಂದ ಒಳಕ್ಕೆಳೆದರು, ಐಮನ್ ಅದನ್ನು ಬಲೆಗೆ ನೂಕಿದರು. ದಕ್ಷಿಣ ಕೊರಿಯದ ರೆಫರಿ ಕಿಮ್ ವೂ ಸಂಗ್ ಗೋಲೆಂದು ತೀರ್ಪಿತ್ತರು. ಆ ಹಂತದ ಪಂದ್ಯಗಳಲ್ಲಿ ವಿಡಿಯೊ ಪರಿಶೀಲನೆಯ ಏರ್ಪಾಡು ಇರಲಿಲ್ಲ. ಹನ್ನೆರಡು ನಿಮಿಷಗಳ ಬಳಿಕ ಅಹಮದ್ ಅಲ್ ರಾವಿ ಇನ್ನೊಂದು ಗೋಲು ಹೊಡೆದರು. ಕತಾರ್ 2, ಭಾರತ 1.

ಆಟದ ಒಂಬತ್ತನೆಯ ನಿಯಮವು ಚೆಂಡು ಪೂರ್ತಿಯಾಗಿ ಗೆರೆಯನ್ನು ದಾಟಿದರೆ ಆಟದಿಂದ ಹೊರಗಾಯಿತು ಎನ್ನುತ್ತದೆ. ಅಂದಿನ ಚಿತ್ರಗಳನ್ನು ನೋಡಿದವರಿಗೆ ಚೆಂಡು ದಾಟಿತ್ತೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ದೂರಿತ್ತು, ತನಿಖೆಯನ್ನು ಬೇಡಿತು. ಫಲಿತಾಂಶ ಮಾತ್ರ ಕದಲಲಿಲ್ಲ. ತ್ರಿಕ್ಕರಿಪುರದಿಂದ ಮಂಜೇಶ್ವರದವರೆಗೆ ಗದ್ದೆ ಕೊಯ್ಲಾದೊಡನೆ ಸೆವೆನ್ಸ್ ಪಂದ್ಯಗಳಿಗೆ ಕಂಬ ನೆಡುವ ಈ ನಾಡಿನಲ್ಲಿ, ಭಾರತದ ಅಂಗಿ ತೊಟ್ಟ ಮಹಮ್ಮದ್ ರಫಿಯವರ ಊರಿನಲ್ಲಿ, ಆ ಗೋಲಿನ ಮಾತು ಇಂದಿಗೂ ಮುಗಿದಿಲ್ಲ. ಇಷ್ಟು ನಿಚ್ಚಳವಾದ ತಪ್ಪಿಗೆ ಮೇಲ್ಮನವಿಯೇ ಇಲ್ಲವೆ ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರವೂ ಇದೆ.

ಐದನೆಯ ನಿಯಮದ ಪ್ರಕಾರ, ಆಟಕ್ಕೆ ಸಂಬಂಧಿಸಿದ ವಾಸ್ತವಾಂಶಗಳ ಮೇಲೆ ರೆಫರಿಯ ತೀರ್ಮಾನವೇ ಅಂತಿಮ. ಗೋಲಾಯಿತೆ ಇಲ್ಲವೆ ಎಂಬುದೂ ಅವುಗಳಲ್ಲೊಂದು. ಇಲ್ಲಿ ‘ವಾಸ್ತವಾಂಶ’ ಎಂಬ ಪದವನ್ನು ಲಘುವಾಗಿ ಓದಬಾರದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೆಯ ಕಲಮಿನಡಿ ಹೈಕೋರ್ಟಿಗೆ ಎರಡನೆಯ ಮೇಲ್ಮನವಿ ಹೂಡುವ ಕಕ್ಷಿದಾರನಿಗೆ ಈ ಪದದ ಭಾರ ತಿಳಿದಿರುತ್ತದೆ. ಬೇಲಿ ಎಲ್ಲಿತ್ತು, ತೆಂಗಿನ ಮರ ಯಾರ ಕಡೆಯದು ಎಂಬುದು ವಾಸ್ತವಾಂಶ. ಅದರ ಮೇಲೆ ಕೆಳಗಿನ ನ್ಯಾಯಾಲಯಗಳ ತೀರ್ಮಾನವನ್ನು ಹೈಕೋರ್ಟು ಸಾಮಾನ್ಯವಾಗಿ ಕೆದಕುವುದಿಲ್ಲ. ಕಾನೂನಿನ ಗಣನೀಯ ಪ್ರಶ್ನೆ ಇದ್ದರಷ್ಟೇ ಬಾಗಿಲು ತೆರೆಯುತ್ತದೆ. ಕಾಲ್ಚೆಂಡಾಟದ ನ್ಯಾಯವೂ ಹೆಚ್ಚುಕಡಿಮೆ ಇದೇ ಹಾದಿಯಲ್ಲಿ ನಡೆದಿದೆ.

ಇದಕ್ಕೆ ಒಳ್ಳೆಯ ನಿದರ್ಶನವು 2005ರ ಸೆಪ್ಟೆಂಬರಿನಲ್ಲಿ ತಾಷ್ಕೆಂಟಿನಲ್ಲಿ ನಡೆದ ಉಜ್ಬೇಕಿಸ್ತಾನ–ಬಹರೈನ್ ಪಂದ್ಯ. ಉಜ್ಬೇಕಿಸ್ತಾನ 1–0 ಮುಂದಿದ್ದಾಗ ಅದಕ್ಕೆ ಪೆನಾಲ್ಟಿ ದೊರೆಯಿತು, ಚೆಂಡು ಬಲೆ ಸೇರಿತು. ಆದರೆ ಕಿಕ್ಕಿಗೆ ಮೊದಲೇ ಉಜ್ಬೇಕಿ ಆಟಗಾರನೊಬ್ಬ ಪೆನಾಲ್ಟಿ ಆವರಣವನ್ನು ಹೊಕ್ಕಿದ್ದ. ಆಗ ಕಿಕ್ಕನ್ನು ಮತ್ತೊಮ್ಮೆ ಹೊಡೆಸಬೇಕೆಂಬುದು ಅಂದಿನ ನಿಯಮ. ಜಪಾನಿನ ರೆಫರಿ ತೋಷಿಮಿತ್ಸು ಯೋಷಿದಾ ಹಾಗೆ ಮಾಡದೆ ಬಹರೈನಿಗೆ ಫ್ರೀ ಕಿಕ್ ಕೊಟ್ಟರು. ಅವರು ಕಂಡದ್ದು ಸರಿಯಾಗಿಯೇ ಇತ್ತು; ಕಂಡದ್ದಕ್ಕೆ ಅನ್ವಯಿಸಿದ ನಿಯಮ ತಪ್ಪಾಗಿತ್ತು. ಇದು ಕಾನೂನಿನ ತಪ್ಪು. ಫೀಫಾ ಪಂದ್ಯವನ್ನೇ ರದ್ದುಗೊಳಿಸಿ ಮರುಪಂದ್ಯಕ್ಕೆ ಆದೇಶಿಸಿತು. ವಿಚಿತ್ರವೆಂದರೆ, ಗೆದ್ದಿದ್ದ ಉಜ್ಬೇಕಿಸ್ತಾನಕ್ಕೆ ಅದರಿಂದ ನಷ್ಟವೇ ಆಯಿತು. ಮರುಪಂದ್ಯ 1–1, ಬಹರೈನಿನಲ್ಲಿ 0–0; ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಬಹರೈನ್ ಮುಂದೆ ಹೋಯಿತು. ದೂರು ಕೊಟ್ಟವನೇ ದಾವೆ ಕಳೆದುಕೊಂಡ ಪ್ರಸಂಗಗಳು ಕೋರ್ಟುಗಳಲ್ಲಿಯೂ ಇಲ್ಲದಿಲ್ಲ.

ಇನ್ನೊಂದು ಬಾಗಿಲು ವಂಚನೆಯದು. 2016ರ ನವೆಂಬರಿನಲ್ಲಿ ಸೆನೆಗಲ್ ವಿರುದ್ಧ ದಕ್ಷಿಣ ಆಫ್ರಿಕ 2–1ರಿಂದ ಗೆದ್ದ ಪಂದ್ಯದ ರೆಫರಿ ಜೋಸೆಫ್ ಲ್ಯಾಂಪ್ಟಿ ಫಲಿತಾಂಶವನ್ನು ತಿರುಚಲೆತ್ನಿಸಿದರೆಂದು ಸಾಬೀತಾದ ಮೇಲೆ, ಮರುವರ್ಷ ಆ ಪಂದ್ಯವನ್ನು ಮತ್ತೆ ಆಡಿಸಲಾಯಿತು. ಸೆನೆಗಲ್ 2–0ರಿಂದ ಗೆದ್ದಿತು. ದೋಹಾದ ತಪ್ಪು ಈ ಎರಡೂ ಬಾಗಿಲುಗಳಲ್ಲಿ ಹಿಡಿಸುವಂಥದಲ್ಲ. ಚೆಂಡು ದಾಟಿದರೂ ಗೋಲೇ ಎಂದು ರೆಫರಿ ನಿಯಮವನ್ನು ತಿರುಗಿಸಿ ಓದಲಿಲ್ಲ. ಚೆಂಡು ದಾಟಲಿಲ್ಲವೆಂದು ಭಾವಿಸಿದರು. ಅದು ಕಣ್ಣಿನ ತಪ್ಪು. ವಂಚನೆ ರುಜುವಾತಾಗದೆ ಅದಕ್ಕೆ ಪರಿಹಾರವಿಲ್ಲ.

ಅನ್ಯಾಯವಾದದ್ದು ನಿಜ, ಪರಿಹಾರವಿಲ್ಲದ್ದೂ ನಿಜ. ಆದರೆ ಆ ಅನ್ಯಾಯದಿಂದಲೇ ಭಾರತ ಹೊರಬಿದ್ದಿತೆ? ವಾಡಿಕೆಯ ಮಾತು ಹೌದೆನ್ನುತ್ತದೆ. ಅಂಕಪಟ್ಟಿ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಕೊನೆಯ ಸುತ್ತಿಗೆ ಮೊದಲು ಭಾರತಕ್ಕೂ ಅಫ್ಘಾನಿಸ್ತಾನಕ್ಕೂ ತಲಾ 5 ಅಂಕಗಳಿದ್ದವು, ಕುವೈತಿಗೆ 4. ಮೊದಲೇ ತೇರ್ಗಡೆಯಾಗಿದ್ದ ಕತಾರಿನ ಜೊತೆಗೆ ಈ ಮೂರರಲ್ಲೊಂದು ಮುಂದಿನ ಸುತ್ತಿಗೆ ಹೋಗಬೇಕಿತ್ತು. ಅದೇ ರಾತ್ರಿ ಕುವೈತ್ ಅಫ್ಘಾನಿಸ್ತಾನವನ್ನು 1–0ರಿಂದ ಸೋಲಿಸಿ 7 ಅಂಕ ಗಳಿಸಿತು. ಈಗ ದೋಹಾದ ವಿವಾದಿತ ಗೋಲನ್ನು ಕಡತದಿಂದ ತೆಗೆದುಹಾಕಿದರೆ ಉಳಿಯುವುದು ಛಾಂಗ್ಟೆಯವರದೂ ಅಲ್ ರಾವಿಯವರದೂ; ಪಂದ್ಯ 1–1, ಭಾರತಕ್ಕೆ ಒಟ್ಟು 6 ಅಂಕ. ಆಗಲೂ ಕುವೈತೇ ಮುಂದೆ. ಭಾರತಕ್ಕೆ ಗೆಲುವೇ ಬೇಕಿತ್ತು. ಅನ್ಯಾಯದ ಗೋಲಿನಿಂದ ಆಟಗಾರರ ಎದೆಗುಂದದೆ ಇದ್ದಿದ್ದರೆ ಎರಡನೆಯದು ಆಗುತ್ತಲೇ ಇರಲಿಲ್ಲವೆಂಬ ವಾದವಿದೆ, ಅದನ್ನು ತಳ್ಳಿಹಾಕಲಾಗದು. ಆದರೆ ಅದು ಒಂದು ಅವಕಾಶ ಕೈತಪ್ಪಿತೆಂಬ ವಾದ. ಕೈಗೆ ಬಂದಿದ್ದ ಸ್ಥಾನವನ್ನು ಕಸಿದರೆಂಬ ವಾದವಲ್ಲ.

ಸ್ಥಾನವು ಕೈಗೆ ಬರಬೇಕಿದ್ದದ್ದು ಬೇರೆ ಕಡೆ. 2023ರ ನವೆಂಬರಿನಲ್ಲಿ ಮನವೀರ್ ಸಿಂಗ್ ಗೋಲಿನಿಂದ ಭಾರತವು ಕುವೈತನ್ನು ಅವರ ನೆಲದಲ್ಲಿಯೇ ಮಣಿಸಿತ್ತು. ಆ ಬಳಿಕ ಬಂದ ಅಫ್ಘಾನಿಸ್ತಾನದ ತಂಡದಿಂದ, ಅವರ ಒಕ್ಕೂಟದೊಂದಿಗಿನ ಜಗಳದ ಕಾರಣ, ಹಲವು ಪ್ರಮುಖ ಆಟಗಾರರು ಹೊರಗುಳಿದಿದ್ದರು. ಶ್ರೇಯಾಂಕದಲ್ಲಿ ಭಾರತ 117, ಅಫ್ಘಾನಿಸ್ತಾನ 158. ಸೌದಿಯ ಅಭಾದಲ್ಲಿ ಗೋಲಿಲ್ಲದ ಸಮ. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ಸುನಿಲ್ ಛೆಟ್ರಿಯವರ 150ನೆಯ ಪಂದ್ಯದಲ್ಲಿ, ಅವರದೇ ಪೆನಾಲ್ಟಿಯಿಂದ ಮುನ್ನಡೆ ಪಡೆದ ಮೇಲೆ 1–2 ಸೋಲು. ಜೂನ್ 6ರಂದು ಕೋಲ್ಕತ್ತದಲ್ಲಿ ಛೆಟ್ರಿಯವರ ವಿದಾಯಕ್ಕೆ ಕಿಕ್ಕಿರಿದು ಬಂದ ಜನರ ಮುಂದೆ ಕುವೈತಿನೊಂದಿಗೆ 0–0. ಈ ಮೂರು ಪಂದ್ಯಗಳಲ್ಲಿ ಒಂದನ್ನು ಗೆದ್ದಿದ್ದರೆ ದೋಹಾದ ಗೆರೆಯ ಮಾತೇ ಏಳುತ್ತಿರಲಿಲ್ಲವೇನೋ. ಈ ಮೂರರಲ್ಲಿಯೂ ಸೋಲುಗೆಲುವನ್ನು ರೆಫರಿಯ ಕಣ್ಣಿನ ಮೇಲೆ ಹೊರಿಸುವ ದೂರು ಇರಲಿಲ್ಲ.

ಒಂದು ವರ್ಷದ ಹಿಂದೆ ಇದೇ ತಂಡ ಹೇಗಿತ್ತೆಂಬುದನ್ನು ನೆನೆದರೆ ವ್ಯಥೆ ಇಮ್ಮಡಿಸುತ್ತದೆ. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತನ್ನು ಪೆನಾಲ್ಟಿಗಳಲ್ಲಿ 5–4ರಿಂದ ಮಣಿಸಿ ಸ್ಯಾಫ್ ಪ್ರಶಸ್ತಿ ಗೆದ್ದ ತಂಡ ಅದು. ಆ ತಿಂಗಳು ಶ್ರೇಯಾಂಕದಲ್ಲಿ 99ಕ್ಕೇರಿತ್ತು. 2024ರಲ್ಲಿ ಹನ್ನೊಂದು ಪಂದ್ಯ, ನಾಲ್ಕು ಗೋಲು, ಐದು ಸಮ, ಆರು ಸೋಲು, ಗೆಲುವು ಸೊನ್ನೆ. ಕತಾರಿನಲ್ಲಿ ನಡೆದ ಏಷ್ಯಾ ಕಪ್ಪಿನ ಮೂರು ಪಂದ್ಯಗಳಲ್ಲಿ ಭಾರತಕ್ಕೆ ಒಂದು ಗೋಲೂ ದಕ್ಕಲಿಲ್ಲ. ಜೂನ್ 17ರಂದು ತರಬೇತುದಾರ ಇಗೊರ್ ಸ್ಟಿಮಾಚ್ ಅವರನ್ನು ತೆಗೆದುಹಾಕಲಾಯಿತು. ಬಳಿಕ ಬಂದ ಮನೊಲೊ ಮಾರ್ಕೇಜ್ ಎಂಟು ಪಂದ್ಯಗಳಲ್ಲಿ ಕಂಡ ಗೆಲುವು ಒಂದೇ, ಶಿಲ್ಲಾಂಗಿನಲ್ಲಿ ಮಾಲ್ದೀವ್ಸ್ ಮೇಲೆ. ನಿವೃತ್ತರಾಗಿದ್ದ ಛೆಟ್ರಿಯವರನ್ನು ಮತ್ತೆ ಕರೆತಂದು ಆಡಿಸಿದ ಪಂದ್ಯವದು; ನಲವತ್ತು ತುಂಬಿದ್ದ ಅವರೇ ಒಂದು ಗೋಲು ಹೊಡೆದರು. ಮುಂದಿನ ತಲೆಮಾರಿನ ಗೋಲುಗಾರ ಎಲ್ಲಿ ಎಂಬ ಪ್ರಶ್ನೆಗೆ ಅದಕ್ಕಿಂತ ಬೇಸರದ ಉತ್ತರ ಬೇಕಿರಲಿಲ್ಲ.

ಆ ಅರ್ಹತಾ ಸುತ್ತಿನಲ್ಲಿ ಎರಡನೆಯ ಸ್ಥಾನ ದೊರೆತಿದ್ದರೆ 2027ರ ಏಷ್ಯಾ ಕಪ್ಪಿಗೆ ನೇರ ಪ್ರವೇಶವಿತ್ತು. ದೊರೆಯದ ಕಾರಣ ಬಾಂಗ್ಲಾದೇಶ, ಹಾಂಗ್‌ಕಾಂಗ್ ಹಾಗೂ ಸಿಂಗಾಪುರಗಳೊಂದಿಗೆ ಮತ್ತೊಂದು ಸುತ್ತು ಆಡಬೇಕಾಯಿತು. ಶಿಲ್ಲಾಂಗಿನಲ್ಲಿ ಬಾಂಗ್ಲಾದೇಶದೊಂದಿಗೆ 0–0. ಹಾಂಗ್‌ಕಾಂಗ್‌ನಲ್ಲಿ ಹೆಚ್ಚುವರಿ ಸಮಯದ ಪೆನಾಲ್ಟಿಯಿಂದ 0–1. ಆಗಸ್ಟಿನಲ್ಲಿ ಅಧಿಕಾರ ವಹಿಸಿದ ಖಾಲಿದ್ ಜಮೀಲ್ ಮಧ್ಯ ಏಷ್ಯಾದ ಪಂದ್ಯಾವಳಿಯಲ್ಲಿ ತಜಿಕಿಸ್ತಾನವನ್ನು ಗೆದ್ದು, ಒಮಾನನ್ನು ಪೆನಾಲ್ಟಿಗಳಲ್ಲಿ ಹಿಂದಿಕ್ಕಿ ಮೂರನೆಯ ಸ್ಥಾನ ತಂದಾಗ ಒಂದಿಷ್ಟು ಆಸೆ ಚಿಗುರಿತು. ಸಿಂಗಾಪುರದಲ್ಲಿ ಸಂದೇಶ್ ಝಿಂಗನ್ ಕೆಂಪು ಚೀಟಿ ಪಡೆದು ಹೊರನಡೆದ ಮೇಲೆಯೂ ಹತ್ತು ಮಂದಿ ಹೋರಾಡಿ 90ನೆಯ ನಿಮಿಷದ ಗೋಲಿನಿಂದ 1–1 ಮಾಡಿದರು. ಐದು ದಿನಗಳ ಬಳಿಕ, ಅಕ್ಟೋಬರ್ 14ರಂದು ಗೋವೆಯ ಫತೋರ್ಡಾದಲ್ಲಿ, ಛಾಂಗ್ಟೆ ಮುನ್ನಡೆ ತಂದುಕೊಟ್ಟರೂ ಸಾಂಗ್ ಉಯಿ ಯಂಗ್ ಹೊಡೆದ ಎರಡು ಗೋಲುಗಳು ಬಾಗಿಲು ಮುಚ್ಚಿದವು. ನವೆಂಬರ್ 18ರಂದು ಢಾಕಾದಲ್ಲಿ ಶೇಖ್ ಮೊರ್ಸಲಿನ್ ಗೋಲಿನಿಂದ ಬಾಂಗ್ಲಾದೇಶವು 22 ವರ್ಷಗಳ ಬಳಿಕ ಭಾರತವನ್ನು ಸೋಲಿಸಿತು. ಅದೇ ದಿನ ಸಿಂಗಾಪುರವು ಹಾಂಗ್‌ಕಾಂಗನ್ನು ಗೆದ್ದು ಏಷ್ಯಾ ಕಪ್ಪಿಗೆ ಹೋಯಿತು.

ಢಾಕಾದ ಸೋಲಿನ ಬಳಿಕ ಬಾಂಗ್ಲಾದೇಶದ ಹಮ್ಜಾ ಚೌಧುರಿಯವರ ಹೆಸರು ಮತ್ತೆ ಮತ್ತೆ ಕೇಳಿಬಂದಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಅವರು ತಾಯಿಯ ಮೂಲದಿಂದ ಬಾಂಗ್ಲಾದೇಶಕ್ಕೆ ಆಡುತ್ತಾರೆ. ಭಾರತೀಯ ಮೂಲದವರು ವಿದೇಶಗಳಲ್ಲಿ ಎಷ್ಟೋ ಮಂದಿ ಆಡುತ್ತಿದ್ದರೂ 1955ರ ಪೌರತ್ವ ಕಾಯಿದೆಯ 9ನೆಯ ಕಲಂ ಇಮ್ಮಡಿ ಪೌರತ್ವವನ್ನು ಒಪ್ಪುವುದಿಲ್ಲ. ಸಾಗರೋತ್ತರ ಪೌರತ್ವದ ಚೀಟಿಯುಳ್ಳವರು ರಾಷ್ಟ್ರೀಯ ತಂಡದಲ್ಲಿ ಆಡುವಂತಿಲ್ಲ. ಬೆಂಗಳೂರು ತಂಡದ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯದ ಪೌರತ್ವವನ್ನೇ ಬಿಟ್ಟು ಭಾರತೀಯರಾದರು. ಅವರಿಗೂ ಢಾಕಾ ಪಂದ್ಯದ ವೇಳೆಗೆ ಬೇಕಿದ್ದ ಅನುಮತಿಪತ್ರ ಬಂದಿರಲಿಲ್ಲ. ಕಾಯಿದೆಯನ್ನು ಸಡಿಲಿಸಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಇಲ್ಲಿಯೇ ಇರುವ ಆಟಗಾರನಿಗೆ ಆಡಲು ಲೀಗು ಇರಬೇಕಲ್ಲ.

ಒಕ್ಕೂಟದ ಸಂವಿಧಾನದ ವ್ಯಾಜ್ಯವು 2017ರಿಂದ ಸರ್ವೋಚ್ಚ ನ್ಯಾಯಾಲಯದ ಮುಂದಿತ್ತು. ನಡುವೆ 2022ರ ಆಗಸ್ಟಿನಲ್ಲಿ ಫೀಫಾ ಭಾರತವನ್ನು ಹನ್ನೊಂದು ದಿನ ಅಮಾನತಿನಲ್ಲಿಟ್ಟಿತು. ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಸಿದ್ಧಪಡಿಸಿದ ಕರಡಿಗೆ ಕೆಲವು ತಿದ್ದುಪಡಿಗಳೊಡನೆ ನ್ಯಾಯಾಲಯದ ಅಂಕಿತ ಬಿದ್ದದ್ದು 2025ರ ಸೆಪ್ಟೆಂಬರ್ 19ರಂದು. ಅಷ್ಟರಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಸುತ್ತಿದ್ದ ಕಂಪನಿಯು, ಒಕ್ಕೂಟದೊಂದಿಗಿನ ತನ್ನ ಹದಿನೈದು ವರ್ಷಗಳ ಕರಾರು ಡಿಸೆಂಬರ್ 8ಕ್ಕೆ ಮುಗಿಯಲಿದೆಯೆಂಬ ಕಾರಣದಿಂದ, ಜುಲೈನಲ್ಲಿಯೇ ಲೀಗನ್ನು ತಡೆಹಿಡಿದಿತ್ತು. ಹೊಸದಾಗಿ ಕರೆದ ಟೆಂಡರಿಗೆ ಗಡುವಿನೊಳಗೆ ಒಬ್ಬರೂ ಮುಂದೆ ಬರಲಿಲ್ಲ. ಢಾಕಾದಲ್ಲಿ ಸೋತ ತಂಡದ ಬಹುಪಾಲು ಆಟಗಾರರಿಗೆ ಮುಂದಿನ ಲೀಗ್ ಪಂದ್ಯ ಯಾವ ತಿಂಗಳಲ್ಲಿ, ಯಾವ ಊರಿನಲ್ಲಿ ಎಂಬುದು ಅಂದಿಗೆ ತಿಳಿದಿರಲಿಲ್ಲ.

ಐದು ಪಂದ್ಯ, ಎರಡು ಅಂಕ, ಎರಡು ಗೋಲು. ಢಾಕಾದ ಬಳಿಕ ಉಳಿದಿದ್ದದ್ದು 2026ರ ಮಾರ್ಚ್ 31ರಂದು ಸ್ವದೇಶದಲ್ಲಿ ಹಾಂಗ್‌ಕಾಂಗ್ ಎದುರಿನ ಪಂದ್ಯ. ಅದನ್ನು ಗೆದ್ದರೂ ಸೋತರೂ ಸೌದಿ ಅರೇಬಿಯದ ಏಷ್ಯಾ ಕಪ್ಪಿನಲ್ಲಿ ಭಾರತಕ್ಕೆ ಸ್ಥಾನವಿರಲಿಲ್ಲ.