ಕಲ್ನಾರಿನ ಛಾವಣಿಯನ್ನು ಇಳಿಸುವ ಮುನ್ನ

ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆಯ ಬೇಸಾಯವೂ ಬದಲಾಯಿತು, ಕಟ್ಟಡಗಳೂ ಬದಲಾದುವು. ಕೃಷಿ ಸಂಶೋಧನಾ ಕೇಂದ್ರವಿರುವ ದಢೇಸುಗೂರಿನಂಥ ಊರುಗಳ ಸುತ್ತ ಮಣ್ಣಿನ ಮಾಳಿಗೆಗಳ ಜೊತೆಗೆ ಸಿಮೆಂಟ್ ತಗಡಿನ ಛಾವಣಿಗಳೂ ಬಂದುವು. ಅವುಗಳಲ್ಲಿ ಹಳೆಯವನ್ನು ಇಳಿಸುವ ಕಾಲ ಈಗ ಬಂದಿದೆ. ಇಳಿಸುವ ಕ್ರಮವನ್ನು ಕೂಲಿಯವನ ಸುತ್ತಿಗೆಗೆ ಬಿಟ್ಟುಬಿಡುವುದು ಅನ್ಯಾಯವೆಂಬುದು ನನ್ನ ಅಭಿಪ್ರಾಯ.

ಈ ತಗಡಿನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಉಳಿದುದು ಬಹುಮಟ್ಟಿಗೆ ಸಿಮೆಂಟು. ತಗಡು ಗಟ್ಟಿಯಾಗಿರುವವರೆಗೆ ಸಿಮೆಂಟು ನಾರನ್ನು ಹಿಡಿದಿಟ್ಟಿರುತ್ತದೆ. ಒಡೆದಾಗ, ಕೊಯ್ದಾಗ, ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಹೊರಬೀಳುತ್ತವೆ. ಎಳೆ ಸಣ್ಣದಾದಂತೆ ಅದರ ತೂಕ ಬಹು ಬೇಗ ಕಡಮೆಯಾಗುತ್ತದೆ. ಗಾಳಿಯ ತಡೆಯಾದರೋ ಅಷ್ಟು ಬೇಗ ಕಡಮೆಯಾಗದು. ಆದುದರಿಂದ ಗಾಳಿಯಾಡದ ಕೋಣೆಯಲ್ಲಿಯೂ ಅವು ನೆಲ ಸೇರಲು ಅನೇಕ ಗಂಟೆಗಳು ಬೇಕು. 3 ಮೈಕ್ರೋಮೀಟರಿಗಿಂತ ತೆಳುವಾದವು ಶ್ವಾಸಕೋಶದ ಆಳವನ್ನು ಹೊಕ್ಕು ಅಲ್ಲಿಯೇ ನೆಲಸಬಲ್ಲವು. ಅವುಗಳಿಂದಾಗುವ ಕ್ಯಾನ್ಸರು 20ರಿಂದ 50 ವರ್ಷಗಳ ಅನಂತರವೂ ತಲೆದೋರಬಹುದು.

1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ನಾರು ಉದ್ಯಮದ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ವಿಧಿಸಿತು. ಒಂದು ದಿನದ ಕೂಲಿಗೆ ಛಾವಣಿ ಏರುವವನ ದಾಖಲೆಯನ್ನು ಇಡುವವರಾರು?

ಹಾಗಾದರೆ ಮಾಡತಕ್ಕದ್ದೇನು? ತಗಡು ಗಟ್ಟಿಯಾಗಿದ್ದರೆ ಅದನ್ನು ಮುಟ್ಟದಿರುವುದೇ ಲೇಸು. ಇಳಿಸಲೇಬೇಕಾದರೆ ಮೊದಲು ಮೃದುವಾಗಿ ನೀರು ಸಿಂಪಡಿಸಬೇಕು. ನೀರಿಗೆ ಕೊಂಚ ಸಾಬೂನು ಬೆರಸಿದರೆ ಮೇಲ್ಮೈ ಸೆಳೆತ ಕಡಮೆಯಾಗಿ ಅದು ಒಳಗೆ ಚೆನ್ನಾಗಿ ಇಳಿಯುತ್ತದೆ. ತಗಡಿನ ಮೇಲೆ ಕಾಲಿಡದೆ, ಬೋಲ್ಟು ಬಿಚ್ಚಿ, ತಗಡನ್ನು ಇಡಿಯಾಗಿ ಕೆಳಗಿಳಿಸಬೇಕು. ಹೆಗಲ ವಸ್ತ್ರವನ್ನು ಮುಖಕ್ಕೆ ಸುತ್ತಿದರೆ ಸಾಲದು. ಸೂಕ್ಷ್ಮ ಕಣಗಳನ್ನು ತಡೆಯುವ ಮುಖಗವಸೇ ಬೇಕು. ಚೂರುಗಳನ್ನು ಒಣ ಪೊರಕೆಯಿಂದ ಗುಡಿಸದೆ, ಒದ್ದೆ ಬಟ್ಟೆಯಿಂದ ಒರಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬೇರೆಯಾಗಿ ವಿಲೇವಾರಿ ಮಾಡಬೇಕು. ಅಂಗಳದ ತಗ್ಗಿಗೆ ತುಂಬಬಾರದು. ಕಲ್ನಾರು ಬೆರೆತ ಹಳೆಯ ನೆಲಹಾಸಿಗೂ ಇದೇ ನಿಯಮ; ಅದನ್ನಂತೂ ಉಜ್ಜುವ ಯಂತ್ರಕ್ಕೆ ಎಂದಿಗೂ ಕೊಡಬಾರದು.

ಇದಕ್ಕೆಲ್ಲ ಖರ್ಚು ತಗಲುವುದು ನಿಜ. ಆ ಖರ್ಚನ್ನು ಕಟ್ಟಡದ ಒಡೆಯನು ಹೊರತಕ್ಕದ್ದು. ಸರ್ಕಾರಿ ಕಟ್ಟಡವಾದರೆ ಗುತ್ತಿಗೆಯ ಪತ್ರದಲ್ಲಿಯೇ ಅದಕ್ಕೆ ಹಣವನ್ನು ತೋರಿಸತಕ್ಕದ್ದು. ವಿದ್ಯಾರ್ಥಿಗಳು ತಮ್ಮ ಮನೆಯ ಛಾವಣಿಯನ್ನು ಇಳಿಸುವ ದಿನ ಬಂದಾಗ ಹಿರಿಯರಿಗೆ ಈ ಮಾತನ್ನು ತಿಳಿಸಲಿ, ಕೆಲಸಕ್ಕೆ ಬಂದವರಿಗೂ ತಿಳಿಸಲಿ.