ಒಸಾಕಾದಲ್ಲಿ ಆಕ್ಟೋಪಸ್, ಶೃಂಗೇರಿಯಲ್ಲಿ ಗೋಬಿ ಮಂಚೂರಿ

ಒಸಾಕಾಗೆ ಹೋಗಿಬಂದ ನಮ್ಮ ಟೆಕ್ಕಿಗಳ ಇನ್‌ಸ್ಟಾಗ್ರಾಂ ನೋಡಿದ್ದೀರಾ? ಬೆಳಿಗ್ಗೆ ಕುರೊಮೊನ್ ಮಾರ್ಕೆಟ್ಟು, ಸಂಜೆ ದೊತೊಂಬೊರಿ, ಕೈಯಲ್ಲಿ ತಕೊಯಾಕಿ. ಅಂದ್ರೆ ಮತ್ತೇನಲ್ಲ, ನಮ್ಮ ಪಡ್ಡಿನ ಕಾವಲಿಯಂಥದ್ದರಲ್ಲೇ ಹಿಟ್ಟು ಹುಯ್ದು ತಿರುಗಿಸೋ ಉಂಡೆ, ಒಳಗೆ ಆಕ್ಟೋಪಸ್ ತುಂಡು. ಆ ಊರಿನವರು ತಿನ್ನೋದನ್ನೇ ತಿನ್ನಬೇಕು, ಅಲ್ಲೇ ಮಾಡಿದ್ದನ್ನೇ ಕೊಳ್ಳಬೇಕು ಅನ್ನೋ ಹಟ. ಒಳ್ಳೇದೇ.

ಅದೇ ಜನ ಲಾಂಗ್ ವೀಕೆಂಡಿಗೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಬಂದಾಗ ಕೇಳೋದೇನು? ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ. ಬಾಳೆಹೊನ್ನೂರಿನ ಹತ್ತಿರ 1925ರಿಂದ ಕಾಫಿ ಸಂಶೋಧನೆ ನಡೀತಿದೆ. ಆ ಸೀಮೆಯಲ್ಲಿ ಕೂತು ಇನ್‌ಸ್ಟಂಟ್ ಕಾಫಿ ಕೇಳೋರನ್ನ ಏನನ್ನೋಣ?

‘ಕಡುಬು, ಪತ್ರೊಡೆ, ತಂಬುಳಿ ಹೋಟೆಲಲ್ಲಿ ಸಿಗಲ್ವಲ್ಲ ಗುರೂ’ ಅಂತೀರಿ. ಕೇಳೋರಿಲ್ಲದೆ ಯಾವ ಹೋಟೆಲಿನವನು ಕೆಸುವಿನ ಎಲೆ ಸುತ್ತಿ ಹಬೆಗಿಟ್ಟು ಕಾಯ್ತಾನೆ ಸ್ವಾಮಿ? ತಪ್ಪು ನಿಮ್ಮೊಬ್ಬರದ್ದೇ ಅಲ್ಲ ಅನ್ನಿ. ನಮ್ಮ ಮಲೆನಾಡಿನವರಿಗೂ ಒಂದು ಬಿಗುಮಾನ ಇದೆ, ಬಂದ ನೆಂಟರಿಗೆ ಮನೆಯದು, ದುಡ್ಡು ಕೊಡೋರಿಗೆ ‘ನಾರ್ತ್ ಇಂಡಿಯನ್’. ಕಳಲೆ ಪಲ್ಯಕ್ಕೆ ಬೆಲೆ ಕಟ್ಟೋಕೆ ನಾಚಿಕೆ. ನಾಚಿಕೆ ಯಾಕೆ?

ಇನ್ನು ಶಾಪಿಂಗ್. ‘ಮಲೆನಾಡಿನ ಅಪ್ಪಟ ಉತ್ಪನ್ನ’ ಅಂತ ಬೋರ್ಡು ಹಾಕಿದ ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ: ಡಬ್ಬಿ ತಿರುಗಿಸಿ, ತಯಾರಕರ ವಿಳಾಸ ಓದಿ. ಕೊಪ್ಪ ಅಂತಿದ್ರೆ ಎರಡು ಕೊಳ್ಳಿ. ದೂರದ ಯಾವುದೋ ಇಂಡಸ್ಟ್ರಿಯಲ್ ಏರಿಯಾ ಅಂತಿದ್ರೆ, ಅದು ನಿಮ್ಮ ಮನೆ ಕೆಳಗಿನ ಅಂಗಡಿಯಲ್ಲೂ ಸಿಗುತ್ತೆ, ಇಷ್ಟು ದೂರ ಪೆಟ್ರೋಲ್ ಸುಡಬೇಕಿರಲಿಲ್ಲ.

ಜಪಾನಿನವರು ಇದನ್ನ ಗಿರಾಕಿಯ ಒಳ್ಳೇತನಕ್ಕೆ ಬಿಟ್ಟು ಕೂತಿಲ್ಲ. 1993ರಿಂದ ಹೆದ್ದಾರಿಗಳ ಪಕ್ಕ ‘ಮಿಚಿ ನೊ ಎಕಿ’ ಅಂತ ಸರ್ಕಾರದಲ್ಲಿ ನೋಂದಾಯಿಸಿದ ತಂಗುದಾಣಗಳಿವೆ, ಈಗ ಸಾವಿರದ ಮೇಲೆ. ಶೌಚಾಲಯ, ಪಾರ್ಕಿಂಗ್, ಜೊತೆಗೆ ಸುತ್ತಲಿನ ರೈತರ ತರಕಾರಿ, ಉಪ್ಪಿನಕಾಯಿ, ಎಷ್ಟೋ ಕಡೆ ಬೆಳೆದವರ ಹೆಸರೂ ಚೀಟಿಯ ಮೇಲೆ. ನಮ್ಮಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡೋ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಸಿಗೋದು ವರ್ಷಕ್ಕೊಮ್ಮೆ ಮೇಳದಲ್ಲಿ ಒಂದು ಮೇಜು, ಒಂದು ಫೋಟೋ.

ಇದು ಬರೀ ನಾಲಗೆ ಚಪಲದ ಮಾತಲ್ಲ. ಶೃಂಗೇರಿ, ಕೊಪ್ಪದ ಅಡಿಕೆ ತೋಟಗಳನ್ನ ಹಳದಿ ಎಲೆ ರೋಗ ದಶಕಗಳಿಂದ ತಿಂತಾ ಇದೆ. ಮರ ಸಾಯೋದಿಲ್ಲ, ಫಸಲು ಸಾಯುತ್ತೆ; ನೋಡ್ತಾ ನೋಡ್ತಾ ಗೊನೆ ಬರಿದಾಗುತ್ತೆ. ಮಕ್ಕಳು ಬೆಂಗಳೂರಲ್ಲಿ, ಅಪ್ಪ ಅಮ್ಮ ತೋಟದಲ್ಲಿ. ಇಂಥ ಮನೆಗೆ ಹಪ್ಪಳ, ಜೇನು, ಉಪ್ಪಾಗೆಯಿಂದ ತಿಂಗಳಿಗೆ ನಾಲ್ಕು ಕಾಸು ಬಂದ್ರೆ ಅದು ‘ಸೈಡ್ ಇನ್‌ಕಮ್’ ಅಲ್ಲ, ಊರಲ್ಲಿ ಉಳಿಯೋಕೆ ಒಂದು ಕಾರಣ.

ಮೂರು ತಾಲೂಕಿನ ಬಸ್ ಸ್ಟ್ಯಾಂಡುಗಳಲ್ಲಿ ಒಂದೊಂದು ಮಳಿಗೆ, ಹರಾಜಿಲ್ಲದೆ, ಈ ಸಂಘಗಳಿಗೇ ಮೀಸಲಿಡಿ. ಶೃಂಗೇರಿಗೆ ಬರೋ ಜನರನ್ನ ಕರೆಯೋಕೆ ಜಾಹೀರಾತೂ ಬೇಡ, ಶಾರದಾಂಬೆಯೇ ಕರೆಸ್ಕೊತಾಳೆ.

ಮತ್ತೆ ನೀವು, ಈ ಮಳೆಗಾಲಕ್ಕೆ ಬಂದಾಗ, ಮೆನು ಕಾರ್ಡ್ ಕೇಳೋ ಮುಂಚೆ ‘ಅಮ್ಮಾ, ಇವತ್ತು ನಿಮ್ಮನೇಲಿ ಏನಡುಗೆ?’ ಅಂತ ಕೇಳಿ. ಕಳಲೆ ಅಂದ್ರೆ ಎದ್ದು ಹೋಗ್ಬೇಡಿ. ಆಕ್ಟೋಪಸ್ಸೇ ತಿಂದು ಬಂದೋರು ನೀವು.