ಚಿತ್ರಪುಸ್ತಕಕ್ಕೆ ಮೊದಲು ಲೆಕ್ಕದ ಪುಸ್ತಕ



ಊರಿನ ಯಕ್ಷಗಾನ ಮೇಳದ ವಯಸ್ಸಾದ ಕಲಾವಿದರಿಗೆ ನೆರವಾಗಲೆಂದು ನಿಮ್ಮ ಮಹಿಳಾ ಮಂಡಲದಿಂದ ಫೋಟೋ ಪುಸ್ತಕವೊಂದನ್ನು ತರಬೇಕೆಂದಿದ್ದೀರಾ? ಬಹಳ ಸಂತೋಷ. ಆದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಡುವ ಮುಂಚೆ ಒಂದಿಷ್ಟು ಕೂಡಿ ಕಳೆದು ನೋಡಿ.

500 ಪ್ರತಿಗೆ ಒಂದು ಲಕ್ಷ ರೂಪಾಯಿ ಖರ್ಚು, ಬೆಲೆ 350 ರೂಪಾಯಿ ಅಂತಿಟ್ಟುಕೊಳ್ಳಿ. 286 ಪ್ರತಿ ಮಾರಿದ ಮೇಲೇ ಹಾಕಿದ ಅಸಲು ಹುಟ್ಟುವುದು. ಕಲಾವಿದರ ಕೈಗೆ ದುಡ್ಡು ಸೇರುವುದು ಅಲ್ಲಿಂದಾಚೆ! ಅಂಗಡಿಯವರ ಕಮಿಷನ್ ಬೇರೆ. ಆದ್ದರಿಂದ ಮೊದಲು ಮನೆಮನೆಗೆ ಹೋಗಿ ಮುಂಗಡ ಪಡೆದು ರಸೀತಿ ಕೊಡಿ. ಎಷ್ಟು ಎಲೆ ಅಂತ ತಿಳಿದ ಮೇಲೆ ತಾನೆ ನಾವು ಅಕ್ಕಿ ಹಾಕೋದು?

ಪ್ರೆಸ್ಸಿನಲ್ಲಿ ದೊಡ್ಡ ಹಾಳೆ ಮಡಚಿದರೆ ಸಾಮಾನ್ಯವಾಗಿ 16 ಪುಟ. 82 ಪುಟ ಮಾಡಿ ಕಾಗದ ದಂಡ ಮಾಡುವ ಬದಲು 80ಕ್ಕೇ ನಿಲ್ಲಿಸಿ. ವಾಟ್ಸಾಪಿನಲ್ಲಿ ಬಂದ ಚಿತ್ರ ಫೋನಿನಲ್ಲಿ ಚೆಂದ, ಅಚ್ಚಿನಲ್ಲಿ ಮಸುಕು. ತೆಗೆದವರಿಂದ ಮೂಲ ಪ್ರತಿಯನ್ನೇ ಕೇಳಿ; ಜೊತೆಗೆ ಬರಹದಲ್ಲಿ ಒಪ್ಪಿಗೆಯನ್ನೂ ಪಡೆಯಿರಿ. 1957ರ ಕಾಯ್ದೆಯಂತೆ ಚಿತ್ರದ ಹಕ್ಕು ಸಾಮಾನ್ಯವಾಗಿ ಅವರದು.

ಚಿತ್ರದಲ್ಲಿರುವ ಕಲಾವಿದರನ್ನೂ ಮರೆಯದೆ ಕೇಳಿ. ಕಿರೀಟ ಇಳಿಸಿ, ಹರಕು ಬನಿಯನ್ನಿನಲ್ಲಿ ಕೂತ ಹಿರಿಯರ ಚಿತ್ರ ನೋಡಿದವರಿಗೆ ಕನಿಕರ ಬಂದೀತು. ಅವರ ಸೊಸೆ, ಮೊಮ್ಮಕ್ಕಳು ತಲೆ ತಗ್ಗಿಸುವಂತಾಗಬಾರದಲ್ಲ? ನೆರವು ಮಾಡಹೊರಟು ಮರ್ಯಾದೆ ಕಳೆಯಬಾರದು.

ಕೊನೆಗೆ ಜಮಾ-ಖರ್ಚಿನ ಪಟ್ಟಿಯನ್ನು ಮಂಡಲದ ಗೋಡೆಗೆ ಹಚ್ಚಿ. ಲೆಕ್ಕ ಚೊಕ್ಕವಿದ್ದರೆ ಮುಂದಿನ ಸಲ ಕೇಳಲು ಹೋದಾಗ ಯಾರೂ ಬಾಗಿಲು ಹಾಕಿಕೊಳ್ಳೋದಿಲ್ಲ. ಏನಂತೀರಿ?